ನಾಲ್ಕನೇ ಚೌಕ

"ನಿನ್ನ ಮಗಳು ನಿದ್ದೆ ಮಾಡ್ತಾ ಇರಲಿಲ್ಲ ಗುರುವೇ. ಎಣಿಸ್ತಾ ಇದ್ಲು," ಎಂದ ಕಂಡಕ್ಟರ್, ಚೀಲವನ್ನು ಹೆಗಲಿಂದ ಇಳಿಸುತ್ತಾ.

ಡ್ರೈವರ್ ಇನ್ನೂ ತನ್ನ ಸೀಟಿನಿಂದ ಇಳಿದಿರಲಿಲ್ಲ. ಬಸ್ಸು ಕೊನೆಯ ಸ್ಟಾಪಿನಲ್ಲಿ ನಿಂತಿತ್ತು. ಎಂಜಿನ್ ಆರಿ, ಬಾನೆಟ್ಟಿನೊಳಗೆ ಕಾದ ಕಬ್ಬಿಣ ತಣಿಯುತ್ತಾ ಟಿಕ್ಕು ಟಿಕ್ಕು ಎನ್ನುತ್ತಿತ್ತು. ಹಿಂದೆ, ಕೊನೆಯ ಸಾಲಿನ ಮೂಲೆಯಲ್ಲಿ, ಅವನ ಮಗಳು ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಅವಳು ಇಳಿಯಬೇಕಾಗಿದ್ದ ಆಸ್ಪತ್ರೆ ಕಾಲೇಜು ದಾಟಿ ಹನ್ನೊಂದು ಸ್ಟಾಪು ಕಳೆದಿತ್ತು.

"ಏನು ಎಣಿಸ್ತಾಳೆ? ನಿನ್ನ ತಲೆ ಕೂದಲಾ? ಅದಕ್ಕೆ ಹನ್ನೊಂದು ಸ್ಟಾಪು ಬೇಕಾಗಿಲ್ಲ, ಒಂದು ಸಿಗ್ನಲ್ ಸಾಕು."

"ತಮಾಷೆ ಬಿಡು." ಕಂಡಕ್ಟರ್ ಬೋಳುತಲೆಯನ್ನು ಸವರಿಕೊಂಡ, ಆದರೆ ನಗಲಿಲ್ಲ. "ಯಾರಾದ್ರೂ ಮಲಗಿಬಿಟ್ಟಿದ್ದಾರಾ ಅಂತ ದಿನಾ ನೋಡೋ ಹಾಗೆ ಹಿಂದಕ್ಕೆ ಹೋದೆ. ಕಣ್ಣು ಮುಚ್ಚಿದೆ, ತುಟಿ ಅಲ್ಲಾಡ್ತಿದೆ. ಹನ್ನೆರಡು, ಹದಿಮೂರು, ಹದಿನಾಲ್ಕು ಅಂದ್ಲು, ನಿಲ್ಲಿಸಿದ್ಲು. ಆಮೇಲೆ ಮತ್ತೆ ಒಂದರಿಂದ. ಮೂರು ಸಲ ಕೇಳಿದೆ. ಮೂರು ಸಲಾನೂ ಹದಿನಾಲ್ಕಕ್ಕೇ ನಿಂತಿತು. ನನಗೆ ಮೈ ಜುಮ್ ಅಂತು ಮಾರಾಯ."

"ಓದ್ತಾಳಪ್ಪ, ಓದ್ತಾಳೆ. ಪರೀಕ್ಷೆ ಹತ್ರ ಬಂತಲ್ಲ. ನಾನು ಮೂರೂವರೆಗೆ ಮೊದಲ ಬಸ್ಸಿಗೆ ಅಂತ ಎದ್ದಾಗಲೂ ಅವಳ ಕೋಣೆಯಲ್ಲಿ ಬೆಳಕು ಇರುತ್ತೆ. ನಮ್ಮ ವಂಶದಲ್ಲಿ ಆ ಹೊತ್ತಿಗೆ ಪುಸ್ತಕ ಹಿಡಿದವರು ಇವಳೇ ಮೊದಲು."

ಹಾಗೆಂದು ಹೆಮ್ಮೆಯಿಂದಲೇ ಹೇಳಿದನಾದರೂ, ಹಿಂದಿನ ಸಾಲಿಗೆ ಹೋಗಿ ಮಗಳ ಭುಜ ಮುಟ್ಟುವಾಗ ಅವನ ಕೈ ಒಂದು ಕ್ಷಣ ತಡೆಯಿತು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನು ಅವನು. ನಿದ್ದೆಯ ಮುಖ ಹೇಗಿರುತ್ತದೆ ಎಂದು ಕನ್ನಡಿಯಲ್ಲಿ ಸಾವಿರಾರು ಸಲ ನೋಡಿದ್ದ. ನಿದ್ದೆ ಬಂದ ಮುಖ ಸಡಿಲವಾಗುತ್ತದೆ, ಬಾಯಿ ಅಷ್ಟು ತೆರೆದುಕೊಳ್ಳುತ್ತದೆ. ಇವಳ ಮುಖ ಹಾಗಿರಲಿಲ್ಲ. ಮುಚ್ಚಿದ ರೆಪ್ಪೆಯ ಹಿಂದೆ ಯಾರೋ ಕಾವಲು ಕೂತ ಹಾಗಿತ್ತು.

"ಗುಬ್ಬೀ," ಎಂದ. ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ.

ಗುಬ್ಬಿ ಕಣ್ಣು ಬಿಟ್ಟು, ಅಪ್ಪನ ಮುಖ ನೋಡದೆ ಅವನ ಎದೆಯನ್ನು ನೋಡಿದಳು. ಅಂಗಿಯ ಮೇಲೆ ಏನಾದರೂ ಚೆಲ್ಲಿದೆಯೋ ಎಂದು ಅವನೂ ಬಗ್ಗಿ ನೋಡಿಕೊಂಡ. ಏನೂ ಇರಲಿಲ್ಲ. ಎದೆ ಏರಿ ಇಳಿಯುವುದನ್ನು ಅವಳು ನೋಡುತ್ತಿದ್ದಳು ಎಂದು ಅವನಿಗೆ ತಿಳಿದದ್ದು ಆಮೇಲೆ.

ಗುಬ್ಬಿ ಓದುತ್ತಿದ್ದುದು ಅರಿವಳಿಕೆ ವಿಭಾಗದ ಕೋರ್ಸು. ಆಪರೇಷನ್ ಥಿಯೇಟರಿನಲ್ಲಿ ಮಂಪರು ಕೊಡುವ ಡಾಕ್ಟರ ಪಕ್ಕ ನಿಂತು, ಮಲಗಿಸಿದವರ ಉಸಿರು, ನಾಡಿ ನೋಡಿಕೊಳ್ಳುವ ಕೆಲಸ. "ನಾನು ಎಚ್ಚರ ಇದ್ದು ಐವತ್ತು ಜನರನ್ನ ಮಲಗಿಸ್ತೀನಿ, ನೀನು ಎಚ್ಚರ ಇದ್ದು ಒಬ್ಬರನ್ನ ಮಲಗಿಸ್ತೀಯ, ಇಬ್ಬರದೂ ಒಂದೇ ಕಸುಬು," ಎಂದು ಡ್ರೈವರ್ ಅವಳನ್ನು ಸೇರಿಸಿದ ದಿನದಿಂದ ಹೇಳುತ್ತಲೇ ಇದ್ದ.

ಅದೇ ದಿನ ಮಧ್ಯಾಹ್ನ ಕಾಲೇಜಿನಿಂದ ಫೋನು ಬಂತು. ಖಾಕಿ ಅಂಗಿಯಲ್ಲೇ ಹೋದ. ಪಾಠ ಹೇಳುವ ಮೇಡಂ ಕುರ್ಚಿ ತೋರಿಸಿ, ಮಾತಿಗೆ ಮುಂಚೆ ಒಂದು ಹಾಳೆ ಮುಂದಿಟ್ಟರು.

"ಇದು ನಿಮ್ಮ ಮಗಳು ನಿನ್ನೆ ವಾರ್ಡಿನಲ್ಲಿ ಬರೆದ ಚಾರ್ಟು. ಸಾಲಾಗಿ ನಾಲ್ಕು ಹಾಸಿಗೆ. ಒಂದೊಂದರ ಪಕ್ಕ ಒಂದು ನಿಮಿಷ ನಿಂತು ಉಸಿರು ಎಣಿಸಿ ಬರೀಬೇಕು. ಓದಿ."

ಡ್ರೈವರ್ ಓದಿದ. ಒಂದನೇ ಹಾಸಿಗೆ, ಹದಿನೆಂಟು. ಎರಡು, ಇಪ್ಪತ್ತು. ಮೂರು, ಹದಿನಾರು. ನಾಲ್ಕು, ಹದಿನಾಲ್ಕು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು.

"ಚೆನ್ನಾಗಿದೆಯಲ್ಲ ಮೇಡಂ?"

"ನಾಲ್ಕನೇ ಹಾಸಿಗೆಯಲ್ಲಿ ಯಾರೂ ಇರಲಿಲ್ಲ," ಎಂದರು ಮೇಡಂ. "ಬೆಳಗ್ಗೆಯೇ ಖಾಲಿಯಾಗಿತ್ತು. ಹೊಸ ಚಾದರ ಹಾಸಿ ಇಟ್ಟಿದ್ದರು. ಇವಳು ಅದರ ಪಕ್ಕ ನಿಂತು, ಗಡಿಯಾರ ನೋಡಿಕೊಂಡು, ಪೂರ್ತಿ ಒಂದು ನಿಮಿಷ ಎಣಿಸಿದ್ದಾಳೆ. ನಾನು ಬಾಗಿಲಲ್ಲೇ ನಿಂತಿದ್ದೆ."

ಫ್ಯಾನು ತಿರುಗುತ್ತಿತ್ತು. ಹಾಳೆಯ ಮೂಲೆ ಏಳುತ್ತಿತ್ತು, ಬೀಳುತ್ತಿತ್ತು. ಡ್ರೈವರ್ ಅದರ ಮೇಲೆ ಬೆರಳಿಟ್ಟ.

"ಬೈಯೋಕೆ ಕರೆಸಿಲ್ಲ ನಿಮ್ಮನ್ನ. ಹಾಸ್ಟೆಲ್ ರೂಮಿನಲ್ಲಿ ಜೊತೆಗಿದ್ದ ಹುಡುಗಿ ಹೋದಮೇಲೆ ಉಳಿದ ಮೂವರಿಗೂ ಕಷ್ಟ ಆಗಿದೆ, ಗೊತ್ತು. ಆದ್ರೆ ಬರೋ ಸೋಮವಾರದಿಂದ ಥಿಯೇಟರಿಗೆ ಹಾಕಬೇಕು. ಈ ಸ್ಥಿತಿಯಲ್ಲಿ ನಾನು ಒಳಗೆ ಬಿಡಲ್ಲ. ಇವತ್ತು ಇಲ್ಲದ ಉಸಿರು ಬರೆದವಳು, ನಾಳೆ ನಿಂತುಹೋದ ಉಸಿರನ್ನೂ ಬರೀತಾಳೆ. ರಾತ್ರಿಯೆಲ್ಲ ಫೋನಿನಲ್ಲಿ ಇರ್ತಾಳಂತೆ, ಜೊತೆಯವರೇ ಹೇಳಿದ್ರು. ಮೊದಲು ನಿದ್ದೆ ಮಾಡಿಸಿ. ಇಲ್ಲಾಂದ್ರೆ ವರ್ಷ ಹೋಗುತ್ತೆ."

ವರ್ಷ ಹೋಗುವುದು ಡ್ರೈವರಿಗೆ ತಟ್ಟಲಿಲ್ಲ. ಮುಂಚಿನ ಮಾತು ತಟ್ಟಿತು. ನಿದ್ದೆಗೆಟ್ಟ ಡ್ರೈವರುಗಳಲ್ಲಿ ಒಂದು ಮಾತಿದೆ, ದಣಿದ ಕಣ್ಣು ಖಾಲಿ ರಸ್ತೆಗೆ ಎಮ್ಮೆ ತರುತ್ತದೆ ಎಂದು. ಇಲ್ಲದ ಎಮ್ಮೆಗೆ ಬ್ರೇಕು ಹಾಕಿ ಹಳ್ಳಕ್ಕೆ ಬಿದ್ದವರನ್ನು ಅವನು ಬಲ್ಲ.

ಸಂಜೆ ಹೆಂಡತಿ ಬೇಕರಿ ಕೆಲಸ ಮುಗಿಸಿ, ಕಿವಿಯ ಹಿಂದೆ ಹಿಟ್ಟು ಮೆತ್ತಿಕೊಂಡೇ ಬಂದಳು. ವಿಷಯ ಕೇಳಿ ಗೋಡೆಗೆ ಒರಗಿ ಕೂತಳು.

"ಓದ್ತಾಳೆ, ಓದ್ತಾಳೆ ಅಂತ ಬಸ್ಸಿನ ತುಂಬ ಡಂಗುರ ಹೊಡೆದಿರಲ್ಲ, ನೋಡಿ ಈಗ. ಹುಡುಗಿ ಕಣ್ಣ ಕೆಳಗೆ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿದೆ, ಇವರಿಗೆ ಅದು ವಿದ್ಯೆ ಅಂತ ಕಾಣ್ತು."

"ನಿನಗೆ ಏನು ಅಂತ ಕಾಣ್ತು?"

"ಯಾವನೋ ಇದ್ದಾನೆ ಅಂತ ಕಾಣ್ತು. ಇದ್ದಿದ್ರೆ ಚೆನ್ನಾಗಿತ್ತು ಅಂತ ಈಗ ಅನ್ನಿಸ್ತಿದೆ."

ಗುಬ್ಬಿ ವಾದ ಮಾಡಲಿಲ್ಲ. ಫೋನು ಕೊಡು ಎಂದಾಗ ಮಾತ್ರ ಅವಳ ಮುಖದ ಬಣ್ಣ ಹೋಯಿತು.

"ಅಪ್ಪಾ, ಹತ್ತು ಗಂಟೆಗೆ ಬೇಕು. ಬೇಕಾದ್ರೆ ಬೆಳಗ್ಗೆ ಪೂರ್ತಿ ನೀವೇ ಇಟ್ಟುಕೊಳ್ಳಿ. ರಾತ್ರಿ ಬೇಕು."

"ರಾತ್ರಿಯದೇ ರೋಗ ಅಂತ ಹೇಳಿ ಕಳಿಸಿದ್ದಾರೆ ಕಣಮ್ಮ."

"ಒಂದು ಚೌಕ ಕಮ್ಮಿಯಾದ್ರೆ ಅವರು ಹೆದರ್ತಾರೆ ಅಪ್ಪ."

"ಯಾರು?"

ಅವಳು ಫೋನನ್ನು ಅವನ ಕೈಗಿಟ್ಟು ಕೋಣೆಗೆ ಹೋದಳು. ಡ್ರೈವರ್ ಫೋನನ್ನು ಬೀರುವಿನೊಳಗೆ, ತನ್ನ ಲೈಸೆನ್ಸಿನ ಪಕ್ಕ ಇಟ್ಟು ಬೀಗ ಹಾಕಿದ. ಮಾಡಬೇಕಾದ್ದು ಮಾಡಿದೆ ಎಂದುಕೊಂಡು ಮಲಗಿದ. ಮೂರೂವರೆಗೆ ಎದ್ದಾಗ ಅವಳ ಕೋಣೆ ಕತ್ತಲಾಗಿತ್ತು. ಸಮಾಧಾನವಾಗಿ ಬಾಗಿಲು ತಳ್ಳಿದರೆ, ಗುಬ್ಬಿ ಕತ್ತಲಲ್ಲಿ ಮಂಚದ ಮೇಲೆ ಬೆನ್ನು ನೇರ ಮಾಡಿಕೊಂಡು ಕೂತಿದ್ದಳು. ಖಾಲಿ ಅಂಗೈಯನ್ನು ಮುಖದ ಮುಂದೆ ಹಿಡಿದುಕೊಂಡಿದ್ದಳು, ಫೋನು ಹಿಡಿಯುವ ಹಾಗೆಯೇ. ಅಂಗೈಯನ್ನೇ ನೋಡುತ್ತಿದ್ದಳು.

ಅದೇ ಹೊತ್ತಿಗೆ ಅವನ ಅಂಗಿಯ ಜೇಬಿನಲ್ಲಿ ಅವನದೇ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು, ಹೆಂಗಸಿನ ದನಿ, ಮೆಲ್ಲಗೆ.

"ಈ ಹೊತ್ತಲ್ಲಿ ಮಾಡ್ತಿದ್ದೀನಿ, ತಪ್ಪು ತಿಳೀಬೇಡಿ ಅಣ್ಣ. ಗುಬ್ಬಿ ಹುಷಾರಾಗಿದ್ದಾಳಾ? ರಾತ್ರಿ ಅವಳು ಬರಲಿಲ್ಲ. ಉಳಿದಿಬ್ಬರು ಅಳ್ತಾ ಇದ್ದಾರೆ, ಅವರೇ ನಿಮ್ಮ ನಂಬರು ಕೊಟ್ರು."

"ನೀವ್ಯಾರಮ್ಮ?"

"ನಾನು... ಉದ್ದಜಡೆಯ ಅಮ್ಮ."

ಉದ್ದಜಡೆ ಎಂದರೆ ಹಾಸ್ಟೆಲ್ಲಿನಲ್ಲಿ ಗುಬ್ಬಿಯ ಜೊತೆ ಇದ್ದವಳು. ಎರಡು ತಿಂಗಳ ಹಿಂದೆ ಮಲಗಿದಲ್ಲೇ ಹೋದವಳು.

ಗುಬ್ಬಿ ಆ ಬೆಳಗಿನ ಜಾವ ಎಲ್ಲ ಹೇಳಿದಳು. ಡ್ರೈವರ್ ಡಿಪೋಗೆ ಫೋನು ಮಾಡಿ, ಹುಷಾರಿಲ್ಲ, ಎರಡು ದಿನ ರಜೆ ಎಂದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ ಅಷ್ಟು ಹೊತ್ತಿಗೆ ಹಾಗೆ ಹೇಳಿದ್ದು.

ಒಂದು ಕೋಣೆ, ನಾಲ್ಕು ಮಂಚ. ಗುಬ್ಬಿ, ಕನ್ನಡಕ, ಡುಮ್ಮಿ, ಉದ್ದಜಡೆ. ಉದ್ದಜಡೆ ಹತ್ತಕ್ಕೆಲ್ಲ ಮಲಗಿಬಿಡುತ್ತಿದ್ದಳು. ಉಳಿದ ಮೂವರು ಹೊದಿಕೆಯೊಳಗೆ ಫೋನು ಹಿಡಿದು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಒಂದು, ಒಂದೂವರೆ ತನಕ. ಒಬ್ಬೊಬ್ಬರದು ಒಂದೊಂದು. ಆ ರಾತ್ರಿಯೂ ಹಾಗೆಯೇ. ಹೃದಯದಲ್ಲಿ ಯಾರಿಗೂ ಗೊತ್ತಿಲ್ಲದ ತೊಂದರೆ ಇತ್ತಂತೆ. ಹನ್ನೆರಡರ ಸುಮಾರಿಗೆ ಆಗಿದೆ ಎಂದರು ಡಾಕ್ಟರು. ಸುಮಾರು ಹೊತ್ತು ಉಸಿರಿಗೆ ಒದ್ದಾಡಿರಬೇಕು, ಗೊರಗೊರ ಸದ್ದು ಬಂದಿರಬೇಕು ಎಂದರು.

"ಮೂರು ಜನ ಎಚ್ಚರ ಇದ್ವಿ ಅಪ್ಪ," ಎಂದಳು ಗುಬ್ಬಿ. "ನಾಲ್ಕು ಅಡಿ ದೂರ. ಉಸಿರು ಎಣಿಸೋದನ್ನೇ ಓದ್ತಿರೋ ಮೂರು ಜನ. ನಾನು ಆಗ ಬೆಕ್ಕು ಪಿಯಾನೋ ಮೇಲೆ ಓಡಾಡೋದನ್ನ ನೋಡ್ತಿದ್ದೆ. ನಕ್ಕೆ ಕೂಡ. ಜೋರಾಗಿ ನಕ್ಕರೆ ಅವಳಿಗೆ ಎಚ್ಚರ ಆಗುತ್ತೆ ಅಂತ ಬಾಯಿಗೆ ದಿಂಬು ಒತ್ತಿಕೊಂಡೆ."

ಹಾಸ್ಟೆಲ್ಲಿನ ಕೋಣೆಗೆ ಬೀಗ ಬಿತ್ತು, ಮೂವರೂ ಅವರವರ ಮನೆಗೆ ಬಂದರು. ಮೊದಲ ರಾತ್ರಿ ಯಾರಿಗೂ ಮಲಗಲು ಧೈರ್ಯವಿಲ್ಲ. ವೀಡಿಯೊ ಕಾಲ್ ಹಚ್ಚಿಕೊಂಡರು. ಇಬ್ಬರು ಮಲಗುವುದು, ಒಬ್ಬಳು ಕಾಯುವುದು. ಹತ್ತರಿಂದ ಒಂದು ಕನ್ನಡಕ, ಒಂದರಿಂದ ನಾಲ್ಕು ಗುಬ್ಬಿ, ಆಮೇಲೆ ಡುಮ್ಮಿ. ಅರ್ಧ ಗಂಟೆಗೊಮ್ಮೆ ಮಲಗಿದವರ ಉಸಿರು ಎಣಿಸಿ ನೋಟುಬುಕ್ಕಿನಲ್ಲಿ ಬರೆಯುವುದು. ಗುಂಪಿಗೆ ಕರೆ ಹಚ್ಚಿದಾಗ ಹಳೆಯ ಗುಂಪೇ ಇದ್ದುದರಿಂದ ನಾಲ್ಕನೆಯವಳ ಫೋನೂ ಬಡಿದುಕೊಂಡಿತು. ಯಾರೋ ಎತ್ತಿದರು.

"ಆಂಟಿ. ಅವಳ ಅಮ್ಮ. ಮೂವರನ್ನೂ ನೋಡಿದ್ರು. ಆಮೇಲೆ, 'ಮಲಗಿ ಮಕ್ಕಳೇ, ನಾನು ಇದನ್ನ ಅವಳ ಕೋಣೆಯಲ್ಲಿ ಇಡ್ತೀನಿ' ಅಂದ್ರು. ಅವತ್ತಿನಿಂದ ದಿನಾ ಇಡ್ತಾರೆ. ಮಂಚ ಕಾಣುತ್ತೆ."

"ಖಾಲಿ ಮಂಚ."

"ಹೂಂ."

ನೋಟುಬುಕ್ಕನ್ನು ಅವಳೇ ತಂದು ಕೊಟ್ಟಳು. ಮೂವರದೂ ಒಂದೊಂದು ಬುಕ್ಕು. ಗೆರೆ ಎಳೆದು ನಾಲ್ಕು ಅಂಕಣ. ಕಾಯುವವಳ ಅಂಕಣದಲ್ಲಿ ಬರೀ ಗೆರೆ, ಮಲಗಿದ ಇಬ್ಬರದರಲ್ಲಿ ಅಂಕಿ ಏರುಪೇರು. ಹದಿಮೂರು, ಹದಿನೇಳು, ಹನ್ನೆರಡು. ನಾಲ್ಕನೆಯದು ಮೊದಲ ಎಂಟು ದಿನ ಖಾಲಿ. ಒಂಬತ್ತನೇ ರಾತ್ರಿ, ಎರಡೂವರೆಯ ಸಾಲಿನಲ್ಲಿ, ಪೆನ್ಸಿಲ್ಲಿನಲ್ಲಿ ಸಣ್ಣದಾಗಿ: ೧೪. ಅಲ್ಲಿಂದ ಮುಂದೆ ಪುಟ ಪುಟವೂ, ಅರ್ಧ ಗಂಟೆಗೊಮ್ಮೆ, ಪೆನ್ನಿನಲ್ಲೇ.

"ಹದಿನಾಲ್ಕು ನಿನಗೊಬ್ಬಳಿಗೇನಾ?"

"ಮೂವರಿಗೂ. ಹೇಳಿಕೊಳ್ಳದೇನೇ. ಬುಕ್ಕು ಜೊತೆ ಇಟ್ಟು ನೋಡಿದಾಗ ಗೊತ್ತಾಯ್ತು."

ಡ್ರೈವರ್ ಹಣೆ ಒರೆಸಿಕೊಂಡ. "ಕೂಸೇ, ಎರಡು ತಿಂಗಳು ನಿದ್ದೆ ಇಲ್ಲದ ಕಣ್ಣು ಅದು. ನಿನ್ನ ಪಾಳಿ ಮುಗಿದ ಮೇಲಾದ್ರೂ ಮಲಗ್ತೀಯಾ?"

"ಮಲಗ್ತೀನಿ. ನಿದ್ದೆ ಬರಲ್ಲ. ಕಣ್ಣು ಮುಚ್ಚಿದ್ರೆ ರೆಪ್ಪೆ ಒಳಗೆ ನಾಲ್ಕು ಚೌಕ ಹಾಗೇ ಉಳಿದಿರುತ್ತೆ, ಬೆಳಕಾಗಿ."

ಹಸಿವು ರುಚಿ ಅರಿಯದು, ನಿದ್ದೆ ಸುಖವರಿಯದು ಅನ್ನುತ್ತಾರೆ. ಈ ನಿದ್ದೆಗೆ ಸುಖವೂ ಬೇಕಾಗಿರಲಿಲ್ಲ, ಮೆತ್ತನೆ ಹಾಸಿಗೆಯೂ ಬೇಕಾಗಿರಲಿಲ್ಲ. ತನ್ನ ಬದಲು ಕಾಯಲು ಇನ್ನೊಂದು ಜೋಡಿ ಕಣ್ಣು ಬೇಕಾಗಿತ್ತು, ಅಷ್ಟೇ. ಅದು ಅರ್ಥವಾದ ಮೇಲೆ ಡ್ರೈವರ್ ಬೀರುವಿನಿಂದ ಫೋನು ತೆಗೆದು ಮಗಳಿಗೆ ಕೊಡಲಿಲ್ಲ, ತಾನೇ ಇಟ್ಟುಕೊಂಡ.

"ಇವತ್ತು ರಾತ್ರಿ ಮೂರು ಪಾಳಿಯೂ ನಂದು. ಹೇಳು ನಿನ್ನ ಗೆಳತಿಯರಿಗೆ. ಎಚ್ಚರ ಇರೋದಕ್ಕೆ ಸಂಬಳ ತಗೊಳ್ಳೋ ಮನುಷ್ಯ ನಾನು."

ಹತ್ತು ಗಂಟೆಗೆ ಕುರ್ಚಿಯನ್ನು ಮಗಳ ಮಂಚದ ಪಕ್ಕ ಎಳೆದುಕೊಂಡು ಕೂತ. ತೆರೆಯ ಮೇಲೆ ನಾಲ್ಕು ಚೌಕ ಮೂಡಿದವು. "ಥ್ಯಾಂಕ್ಸ್ ಅಂಕಲ್," ಎಂದಿತು ಒಂದು ಚೌಕ. ಕನ್ನಡಕ ತೆಗೆದಿಟ್ಟ ಮುಖ, ಮೂಗಿನ ಮೇಲೆ ಎರಡು ಗುಳಿ. ಇನ್ನೊಂದರಲ್ಲಿ ಡುಮ್ಮಿ. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಆ ಹೆಸರು ಯಾರಿಟ್ಟರೋ ಎನ್ನಿಸಿತು. ಮೂರನೆಯದರಲ್ಲಿ ಅವನೇ, ಮೀಸೆ ಸಮೇತ. ನಾಲ್ಕನೆಯದರಲ್ಲಿ ಮೊದಲು ಒಂದು ಹೆಂಗಸಿನ ಕೈ, ಬೆರಳಿಗೆ ತೊಟ್ಟ ಹೊಲಿಗೆಯ ಟೋಪಿ. ಕೈ ಸರಿಯಿತು. ಗೋಡೆಗೆ ಅಂಟಿದ ಮಂಚ, ಬಿಗಿಯಾಗಿ ಎಳೆದ ಚಾದರ, ಒಂದು ದಿಂಬು. ದೂರದಲ್ಲಿ ಎಲ್ಲೋ ದೀಪ.

ಹುಡುಗಿಯರು ಹತ್ತು ನಿಮಿಷದಲ್ಲಿ ಬಿದ್ದುಕೊಂಡರು, ಕಲ್ಲು ನೀರಿಗೆ ಬಿದ್ದ ಹಾಗೆ. ಗುಬ್ಬಿಯ ಬಾಯಿ ಅಷ್ಟು ತೆರೆದುಕೊಂಡಿತು. ಅವನಿಗೆ ಕಣ್ಣು ತುಂಬಿ ಬಂತು.

ಒಂದು ಗಂಟೆ ಆಯಿತು. ಎರಡು. ನಾಲ್ಕನೇ ಚೌಕವನ್ನು ನೋಡಬಾರದು ಎಂದುಕೊಂಡೇ ನೋಡುತ್ತಿದ್ದ. ಚಾದರದ ನಡುವೆ ಏನೋ ಮೆಲ್ಲಗೆ ಉಬ್ಬಿದ ಹಾಗೆ, ಇಳಿದ ಹಾಗೆ. ಎಮ್ಮೆ, ಎಂದುಕೊಂಡ. ಖಾಲಿ ರಸ್ತೆಯ ಎಮ್ಮೆ. ಕಣ್ಣನ್ನು ನಂಬಬಾರದೆಂದು ಮುಚ್ಚಿ, ಇಯರ್‌ಫೋನು ಸಿಕ್ಕಿಸಿಕೊಂಡ. ಕನ್ನಡಕದ ಉಸಿರಿನಲ್ಲಿ ಸಣ್ಣ ಸಿಳ್ಳೆ ಇತ್ತು. ಡುಮ್ಮಿ ಮಧ್ಯೆ ಮಧ್ಯೆ ಹಲ್ಲು ಕಡಿಯುತ್ತಿದ್ದಳು. ಅವೆರಡರ ಹಿಂದೆ, ದೂರದಿಂದ, ಇನ್ನೊಂದು. ಸಿಳ್ಳೆ ಇಲ್ಲ, ಕಡಿತ ಇಲ್ಲ. ಸಮವಾಗಿ ಒಳಗೆ, ಸಮವಾಗಿ ಹೊರಗೆ. ಇಯರ್‌ಫೋನು ಕಿತ್ತ. ಮನೆ ನಿಶ್ಶಬ್ದ. ಮತ್ತೆ ಸಿಕ್ಕಿಸಿದ. ಇತ್ತು.

ಬೆಳಕು ಹರಿದಾಗ ನೋಟುಬುಕ್ಕು ನೋಡಿದರೆ, ನಾಲ್ಕೂ ಅಂಕಣ ಅವನದೇ ದಪ್ಪ ಅಕ್ಷರದಲ್ಲಿ ತುಂಬಿದ್ದವು. ನಾಲ್ಕನೆಯದರಲ್ಲಿ ಸಾಲು ಸಾಲೂ ಹದಿನಾಲ್ಕು, ಅದನ್ನು ಬರೆದದ್ದು ಅವನಿಗೆ ನೆನಪೇ ಇರಲಿಲ್ಲ.

ಆದರೆ ಹಗಲಿನ ಬೆಳಕು ದೊಡ್ಡ ಬುದ್ಧಿವಂತ. ಹಲ್ಲು ಉಜ್ಜುವಾಗ ಅವನಿಗೆ ಹೊಳೆಯಿತು: ಆ ತಾಯಿ ಮಗಳ ಮಂಚದ ಕೆಳಗೆ ನೆಲದ ಮೇಲೆ ಮಲಗುತ್ತಾಳೆ! ಇನ್ನೆಲ್ಲಿ ಮಲಗುತ್ತಾಳೆ ಪಾಪ? ಕೇಳಿಸಿದ್ದು ಅವಳ ಉಸಿರು. ಇಷ್ಟು ಸರಳ. ಹೋಗಿ ನಾಲ್ಕು ಮಾತಾಡಿ ಬಂದರೆ ಮುಗಿಯಿತು. ಗುಬ್ಬಿ ಇನ್ನೂ ಮಲಗಿಯೇ ಇದ್ದಳು, ಹತ್ತೂವರೆಯಾದರೂ. ಎಬ್ಬಿಸಬೇಡ ಎಂದು ಹೆಂಡತಿಗೆ ಹೇಳಿ ಹೊರಟ.

"ನೀವು ಮಾತಿಗೆ ನಿಂತ್ರೆ ಬಸ್ಸಿಗೆ ಬ್ರೇಕು ಇಲ್ಲದ ಹಾಗೆ," ಎಂದಳು ಹೆಂಡತಿ ಬಾಗಿಲಲ್ಲಿ. "ಅಲ್ಲಿ ನಿಧಾನ. ಮಗಳನ್ನ ಕಳಕೊಂಡವಳು."

ಉದ್ದಜಡೆಯ ಅಮ್ಮ ಹೊಲಿಗೆಯವಳು, ಮನೆ ಗಲ್ಲಿಯ ಕೊನೆಗೆ. ಮುಂದಿನ ಕೋಣೆಯ ಕಿಟಕಿಗೆ ಮಿಷನ್ನು, ಸುತ್ತ ಶಾಲೆಯ ಸಮವಸ್ತ್ರದ ನೀಲಿ ರಾಶಿ, ನೆಲದ ತುಂಬ ದಾರದ ತುಂಡು. ಮೂಲೆಯಲ್ಲಿ ಮಡಿಸಿದ ಚಾಪೆ. ಹಿಂದಕ್ಕೆ ಒಂದು ಮುಚ್ಚಿದ ಬಾಗಿಲು. ಅವಳು ಅವನಿಗಿಂತ ನಾಲ್ಕಾರು ವರ್ಷ ಚಿಕ್ಕವಳಿರಬೇಕು, ಆದರೂ ಅವನು "ಅಕ್ಕಾ" ಎಂದೇ ಕರೆದ. ಬಾಯಿಗೆ ಬಂದದ್ದು ಅದೇ.

"ಗುಬ್ಬಿ ಮಲಗಿದ್ದಾಳಾ?"

"ಮಲಗಿದ್ದಾಳೆ ಅಕ್ಕ. ಎರಡು ತಿಂಗಳದ್ದು ಒಟ್ಟಿಗೆ."

ಟೀ ಕೊಟ್ಟಳು. ಡ್ರೈವರ್ ಬಸ್ಸಿನ ಸುದ್ದಿ ಹೇಳಿದ, ಕಂಡಕ್ಟರ್ ಬೋಳುತಲೆಯ ಸುದ್ದಿ ಹೇಳಿದ. ಅವಳು ಸಣ್ಣಗೆ ನಕ್ಕಳು ಕೂಡ. ಆಮೇಲೆ ಮಾತು ಮುಗಿದುಹೋಗಿ, ಅವನು ಚಾರ್ಟಿನ ವಿಷಯ ತೆಗೆದ. ಖಾಲಿ ಹಾಸಿಗೆ, ಹದಿನಾಲ್ಕು, ಸೋಮವಾರ. ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ತಪ್ಪು ಯಾರದೂ ಅಲ್ಲ," ಎಂದು ಅವನು ಅವಸರದಲ್ಲಿ ಸೇರಿಸಿದ. "ಮಕ್ಕಳು ನಿದ್ದೆಗೆಟ್ಟು ಭ್ರಮೆ ಪಟ್ಟಿದ್ದಾವೆ ಅಷ್ಟೇ. ನಾನೂ ನಿನ್ನೆ ಕೇಳಿದೆ. ನೀವು ಅವಳ ಮಂಚದ ಹತ್ರ ಕೆಳಗೆ ಮಲಗ್ತೀರಲ್ಲ, ನಿಮ್ಮ ಉಸಿರು ಅದು."

"ಯಾವ ಕೋಣೆಯಲ್ಲಿ?"

"ಅವಳ ಕೋಣೆಯಲ್ಲಿ."

"ಇಲ್ಲಪ್ಪ," ಎಂದಳು ಹೊಲಿಗೆಯವಳು. "ಹತ್ತು ಗಂಟೆಗೆ ಅವಳ ಫೋನು ಹಚ್ಚಿಟ್ಟು, ಬೀಗ ಹಾಕಿಕೊಂಡು ಬರ್ತೀನಿ. ಆ ಕೋಣೆಯಲ್ಲಿ ಅರೆ ಗಳಿಗೆ ನಿಲ್ಲೋಕಾಗಲ್ಲ ನನಗೆ. ಇಲ್ಲೇ ಮಿಷನ್ ಹತ್ರ ಒರಗ್ತೀನಿ."

ಡ್ರೈವರನ ಕೈಯಲ್ಲಿ ಲೋಟ ಹಾಗೇ ನಿಂತಿತು. ಹಿಂದಿನ ಬಾಗಿಲಿಗೆ ಹೌದು, ಬೀಗ ಇತ್ತು. ಹಿತ್ತಾಳೆಯದು, ಸಣ್ಣದು.

"ಒಂದು ರಾತ್ರಿ ಕನ್ನಡಕ ನನ್ನ ಫೋನಿಗೆ ಮಾಡಿ ಹೇಳಿಬಿಟ್ಟಳು," ಎಂದಳು ಅವಳು. "'ಆಂಟಿ, ಉಸಿರು ಕೇಳಿಸ್ತಿದೆ' ಅಂತ. ನಾನು ಎದ್ದು ಹೋಗಿ ಆ ಬಾಗಿಲಿಗೆ ಕಿವಿ ಇಟ್ಟೆ. ಏನಿಲ್ಲ. ನನ್ನ ಫೋನಿಂದಲೂ ಸೇರಿಕೊಂಡು ಕೇಳಿದೆ, ಬರೀ ಗಾಳಿ. ಅವತ್ತಿನಿಂದ ದಿನಾ ರಾತ್ರಿ ಬಾಗಿಲಿಗೆ ಒರಗಿ ಕೂತು ಕೇಳ್ತೀನಿ. ಹೆತ್ತವಳಿಗೆ ಕೇಳಿಸಲ್ಲ ನೋಡಿ ಅಣ್ಣ. ನಿಮ್ಮ ಕಡೆಗೆ ಮಾತ್ರ ಕೇಳಿಸುತ್ತೆ. ಅದಕ್ಕೇ ಫೋನು ಇಡ್ತೀನಿ. ನನಗೆ ಕೇಳಿಸದಿದ್ರೂ ಯಾರಿಗೋ ಒಬ್ಬರಿಗೆ ಕೇಳಿಸ್ತಾ ಇರಲಿ ಅಂತ."

ಡ್ರೈವರ್ ಆ ಬೀಗವನ್ನೇ ನೋಡಿದ. ಈಗ ಕೇಳಬೇಕಾಗಿದ್ದುದು ಒಂದೇ: ನಿಲ್ಲಿಸಿ ಅಕ್ಕ. ಅದನ್ನು ಕೇಳದಿದ್ದರೆ ಗುಬ್ಬಿ ಇವತ್ತು ರಾತ್ರಿ ಒಂದು ಗಂಟೆಗೆ ಎದ್ದು ಕೂರುತ್ತಾಳೆ, ಒಂದಲ್ಲ ಒಂದು ದಿನ ಅದೇ ಕಣ್ಣಿನಲ್ಲಿ ಮಲಗಿಸಿದ ಒಬ್ಬರ ತಲೆಯ ಪಕ್ಕ ನಿಲ್ಲುತ್ತಾಳೆ. ಕೇಳಿದರೆ ಈ ಬಾಗಿಲಿಗೆ ಒರಗಿ ಕೂತವಳ ಕೈಯಿಂದ ಉಳಿದದ್ದನ್ನೂ ಕಿತ್ತುಕೊಂಡ ಹಾಗೆ.

"ನಿಲ್ಲಿಸಿ ಅಂತ ಹೇಳೋಕೆ ಬಂದೆ ಅಕ್ಕ," ಎಂದ ಕೊನೆಗೆ, ನೆಲದ ದಾರ ನೋಡುತ್ತಾ. "ಹೇಳೋಕೆ ಆಗ್ತಿಲ್ಲ. ಆದ್ರೂ ಅದೇ ಹೇಳ್ಬೇಕು."

ಗಲ್ಲಿಯಲ್ಲಿ ಯಾರೋ ಸೈಕಲ್ಲಿನ ಬೆಲ್ಲು ಬಾರಿಸಿಕೊಂಡು ಹೋದರು.

"ನೀವೂ ಕೇಳಿದೆ ಅಂದ್ರಿ."

"ಕೇಳಿದೆ."

"ಎಣಿಸಿದ್ರಾ?"

"ಎಣಿಸಿದೆ. ಹದಿನಾಲ್ಕು."

"ಹದಿನಾಲ್ಕು ಅಂದ್ರೆ ಸರಿ ತಾನೆ? ಕಮ್ಮಿ ಅಲ್ಲ?"

"ಸರಿಯಂತೆ. ಮಲಗಿರೋರಿಗೆ ಅಷ್ಟೇ ಇರುತ್ತಂತೆ."

"ಒದ್ದಾಡೋ ಹಾಗಿತ್ತಾ? ಗೊರಗೊರ ಅಂತಿತ್ತಾ? ನಿಜ ಹೇಳಿ."

ಡ್ರೈವರ್ ತಲೆ ಎತ್ತಿದ. ಸುಳ್ಳು ಹೇಳುವ ಅಗತ್ಯ ಬೀಳಲಿಲ್ಲ.

"ಇಲ್ಲ ಅಕ್ಕ. ಒಂದೇ ಸಮ ಇತ್ತು. ರಾತ್ರಿ ಬಸ್ಸಲ್ಲಿ ಬೆಳಗಿನ ಜಾವ ಮಕ್ಕಳು ಅಮ್ಮಂದಿರ ತೊಡೆ ಮೇಲೆ ಮಲಗಿರ್ತಾವಲ್ಲ, ಗುಂಡಿಗೆ ಹಾರಿದ್ರೂ ಎಚ್ಚರ ಆಗಲ್ಲ ಅವಕ್ಕೆ. ಹಾಗಿತ್ತು. ಅಷ್ಟು ಗಾಢ."

ಅವಳು ತಲೆಯಾಡಿಸಿದಳು. ಇನ್ನೊಮ್ಮೆ ಆಡಿಸಿದಳು. ಸೊಂಟದಿಂದ ಬೀಗದ ಕೈ ತೆಗೆದು ಎದ್ದಳು.

"ಹಾಗಾದ್ರೆ ಅವಳು ಮಲಗಿದ್ದಾಳೆ," ಎಂದಳು. "ಇವರು ಮೂವರು ಯಾಕೆ ಎದ್ದಿರಬೇಕು?"

ಬೀಗ ತೆಗೆದು ಒಳಗೆ ಹೋದಳು. ತೆರೆದ ಬಾಗಿಲಿನಿಂದ ಮಂಚದ ಕಾಲು, ಚಾದರದ ಅಂಚು ಕಾಣುತ್ತಿತ್ತು. ಚಾದರ ಒಂದು ಸುಕ್ಕಿಲ್ಲದೆ ಇತ್ತು. ದಿಂಬನ್ನು ಅವನು ನೋಡಲಿಲ್ಲ. ಅವಳು ಫೋನಿನ ವೈರು ಕಿತ್ತು, ಬಾಯಿಯ ಹತ್ತಿರ ಹಿಡಿದು, ಗುಂಪಿಗೆ ಮಾತು ರೆಕಾರ್ಡು ಮಾಡಿದಳು. ಹೊಲಿಯುವಾಗ ಮಾತಾಡುವವರ ಹಾಗೆ, ಅವಸರವಿಲ್ಲದೆ.

"ಮಕ್ಕಳೇ, ಆಂಟಿ ಮಾತಾಡ್ತಿದ್ದೀನಿ. ಇವತ್ತಿನಿಂದ ಈ ಫೋನು ಹಚ್ಚಲ್ಲ. ಅವಳಿಗೆ ಚೆನ್ನಾಗಿ ನಿದ್ದೆ ಬಂದಿದೆಯಂತೆ, ಗುಬ್ಬಿ ಅಪ್ಪ ಕೇಳಿಸಿಕೊಂಡು ಹೇಳಿದ್ರು. ಹದಿನಾಲ್ಕಂತೆ. ಇನ್ನು ಎಣಿಸಬೇಡಿ. ಮಲಗೋರನ್ನ ಅಷ್ಟು ಹೊತ್ತು ನೋಡ್ತಾ ಕೂರಬಾರದು. ದೀಪ ಆರಿಸಿ, ನೀವೂ ಮಲಗಿ."

ಕಳಿಸಿದಳು. ಫೋನು ಆಫ್ ಮಾಡಿದಳು. ತೆರೆ ಕಪ್ಪಾಗುವ ಮುಂಚೆ ಸಣ್ಣ ಸಂಗೀತವೊಂದು ಬಂದು ನಿಂತಿತು.

"ಅಣ್ಣ," ಎಂದಳು ಒಳಗಿನಿಂದಲೇ. "ಲೋಟ ಅಲ್ಲೇ ಇಡಿ. ನಾನು ಒಂದು ಗಳಿಗೆ ಇಲ್ಲೇ ಒರಗ್ತೀನಿ."

"ಒರಗಿ ಅಕ್ಕ. ಬಾಗಿಲು ನಾನು ಎಳ್ಕೊಂಡು ಹೋಗ್ತೀನಿ."

ಮಂಚ ಒಮ್ಮೆ ಕಿರ್ ಎಂದಿತು. ಡ್ರೈವರ್ ಲೋಟವನ್ನು ನೀಲಿ ಬಟ್ಟೆಯ ಮೇಲೆ, ಸದ್ದಾಗದ ಹಾಗೆ ಇಟ್ಟ. ನಿಂತುಕೊಂಡ. ಸ್ವಲ್ಪ ಹೊತ್ತಿಗೆಲ್ಲ ಒಳಗಿನಿಂದ ಉಸಿರು ಕೇಳಿಸತೊಡಗಿತು, ಆಳವಾಗಿ, ಸಮವಾಗಿ. ಒಬ್ಬರದೋ ಇಬ್ಬರದೋ ಎಂದು ಕಿವಿಗೊಡಲು ಅವನು ಹೋಗಲಿಲ್ಲ.

ಬೀದಿಯ ಬಾಗಿಲನ್ನು ಎಳೆದು, ಚಿಲಕದ ನಾಲಗೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಟಕ್ ಎನ್ನದಂತೆ ಬಿಟ್ಟ. ಮೆಟ್ಟಿಲ ಬಳಿ ಬಿಟ್ಟಿದ್ದ ಬೂಟುಗಳನ್ನು ಹಾಕಿಕೊಳ್ಳದೆ ಕೈಯಲ್ಲಿ ಎತ್ತಿಕೊಂಡು, ಗಲ್ಲಿ ದಾಟಿ ದೊಡ್ಡ ರಸ್ತೆ ಸಿಗುವ ತನಕ ಬರಿಗಾಲಲ್ಲೇ ನಡೆದ.